ಬೇಲಿಯಂಚಿನ ತುಂಬೆ ಮನೆಯಂಗಳಕ್ಕೆ

ತುಂಬೆ, ಅಣ್ಣೆ, ಗಿಲಿಗಿಚ್ಚಿ, ತಂಗಡಿ, ಶಂಖಪುಷ್ಪ. ಇವುಗಳಲ್ಲಿ ಶಂಖಪುಷ್ಪ ಬಿಟ್ಟರೆ ಉಳಿದವು ನರ್ಸರಿಗಳಲ್ಲಿ ಸಿಗುವುದು ಅಪರೂಪ. ಹೊಲದ ಬದುವಿನಲ್ಲಿ, ಖಾಲಿ ಸೈಟಿನಲ್ಲಿ ತಾವಾಗಿಯೇ ಹುಟ್ಟುವ ಗಿಡಗಳಿವು. ಅಂಗಳದಲ್ಲಿ ಒಳ್ಳೆಯ ಬಿಸಿಲು ಬೀಳುವ 10 ಅಡಿ ಉದ್ದ, 3 ಅಡಿ ಅಗಲದ ಜಾಗವಿದ್ದರೆ ಮುಂಗಾರಿನಲ್ಲಿ ಬಿತ್ತಬಹುದು.

ಬೀಜ ಕೂಡಿಡಲು ಡಿಸೆಂಬರ್, ಜನವರಿ ಸರಿಯಾದ ಕಾಲ. ಒಣಗಿ ಕಂದಾದ ತುಂಬೆಯ ಗೊಂಚಲನ್ನು ಅಂಗೈ ಮೇಲೆ ಬೋರಲು ಹಿಡಿದು ತಟ್ಟಿ. ಪುಟ್ಟ ಬಟ್ಟಲಿನಂಥ ತೊಟ್ಟುಗಳಿಂದ ಬೀಜ ಉದುರುತ್ತವೆ, ಒಂದೊಂದು ಬಟ್ಟಲಿನಲ್ಲಿ ಹೆಚ್ಚೆಂದರೆ ನಾಲ್ಕು. ಅಣ್ಣೆಯದು ಮಿರಿಮಿರಿ ಮಿಂಚುವ ಕರಿ ಬೀಜ. ಗಿಲಿಗಿಚ್ಚಿಯ ಕಾಯಿ ಅಲ್ಲಾಡಿಸಿದಾಗ ಗಲಗಲ ಎಂದರೆ ಬಲಿತಿದೆ ಎಂದೇ ಅರ್ಥ. ಒಂದೇ ಗಿಡವನ್ನು ಬೋಳು ಮಾಡಬೇಡಿ. ಮೂರರಲ್ಲಿ ಎರಡು ಪಾಲು ಅಲ್ಲೇ ಇರಲಿ. ಎರಡು ದಿನ ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ಹೆಸರು ಬರೆದಿಡಿ.

ಮಣ್ಣಿಗೆ ಗೊಬ್ಬರ ಹಾಕುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ಬಡ ಮಣ್ಣಿನಲ್ಲಿ ಬೆಳೆದು ಬಂದ ಗಿಡಗಳಿಗೆ ಸಾರ ಹೆಚ್ಚಾದರೆ ಬರೀ ಸೊಪ್ಪು ಹಬ್ಬುತ್ತದೆ. ಮೊದಲ ಮಳೆಯಾದ ಕೂಡಲೇ ಬಿತ್ತಲೂಬೇಡಿ. ಆ ಮಳೆಗೆ ಏಳುವ ಹುಲ್ಲು, ಪಾರ್ಥೇನಿಯಂ ಎಲ್ಲವನ್ನೂ ಕಿತ್ತುಹಾಕಿ, ರೋಹಿಣಿ ಇಲ್ಲವೇ ಮೃಗಶಿರ ಮಳೆಗೆ ಬಿತ್ತಿ. ಕಳೆಯ ಕಾಟ ಅರ್ಧಕ್ಕರ್ಧ ತಗ್ಗುತ್ತದೆ.

ತಂಗಡಿ, ಶಂಖಪುಷ್ಪದ ಸಿಪ್ಪೆ ಗಟ್ಟಿ. ಶಂಖಪುಷ್ಪದ ಬೀಜವನ್ನು ಒರಟು ಕಲ್ಲಿಗೆ ಒಂದು ಕಡೆ ಮೆಲ್ಲಗೆ ಉಜ್ಜಿ, ರಾತ್ರಿ ನೀರಿನಲ್ಲಿ ನೆನೆಹಾಕಿ. ತಂಗಡಿಗೆ ಕುದಿಸಿ ಇಳಿಸಿದ ಬಿಸಿನೀರು ಸುರಿದು, ಬೆಳಗಿನವರೆಗೆ ಹಾಗೇ ಬಿಡಿ. ಉಬ್ಬಿದವನ್ನು ಒಂದು ಬೆರಳಿನ ಗೆಣ್ಣಿನಷ್ಟು ಆಳದಲ್ಲಿ ಊರಿ. ತುಂಬೆ, ಅಣ್ಣೆಗೆ ಈ ಉಪಚಾರ ಬೇಡ. ಒಂದು ಪಾಲು ಬೀಜಕ್ಕೆ ಹತ್ತು ಪಾಲು ಒಣ ಮರಳು ಬೆರೆಸಿ ಎರಚಿ, ಅಂಗೈಯಿಂದ ಒತ್ತಿ. ಮೇಲೆ ಮಣ್ಣು ಮುಚ್ಚಬೇಡಿ. ಮಳೆ ಕೈಕೊಟ್ಟರೆ ಸಣ್ಣ ತೂತಿನ ಝಾರಿಯಲ್ಲಿ ನೀರು ಚಿಮುಕಿಸಿ.

ಮೊದಲ ವರ್ಷ ನಾನೇ ತುಂಬೆಯ ಸಸಿಗಳನ್ನು ಕಳೆಯೆಂದು ತಿಳಿದು ಕಿತ್ತುಬಿಟ್ಟಿದ್ದೆ. ಕೈಯಲ್ಲಿ ಹಿಸುಕಿದ ಎಲೆಯ ವಾಸನೆ ಮೂಗಿಗೆ ಬಡಿದಾಗಲೇ ಗೊತ್ತಾಗಿದ್ದು. ಹೊಟ್ಟೆ ಉರಿದುಹೋಯಿತು. ಅಂದಿನಿಂದ ಪ್ರತಿ ಬಗೆಯ ಬೀಜದಲ್ಲೂ ನಾಲ್ಕನ್ನು ಬೇರೆ ಬೇರೆ ಕುಂಡದಲ್ಲಿ ಹಾಕಿ, ಹೆಸರಿನ ಚೀಟಿ ಸಿಕ್ಕಿಸುತ್ತೇನೆ. ಪಾತಿಯಲ್ಲಿ ಯಾವುದು ಸಸಿ, ಯಾವುದು ಕಳೆ ಎಂಬ ಅನುಮಾನ ಬಂದಾಗ ಕುಂಡ ನೋಡಿದರಾಯಿತು. ಮನೆಗೆಲಸಕ್ಕೆ ಬರುವವರಿಗೂ ತೋರಿಸಿಡಿ.

ಸಸಿ ನಾಲ್ಕೆಲೆ ಬಿಟ್ಟಾಗ ಒತ್ತಾಗಿರುವಲ್ಲಿ ತೆಳುಮಾಡಿ. ತಂಗಡಿ ಆಳೆತ್ತರದ ಪೊದೆಯಾಗುವುದರಿಂದ ಹಿಂಬದಿಯಲ್ಲಿರಲಿ. ಶಂಖಪುಷ್ಪಕ್ಕೆ ಬೇಲಿ ಅಥವಾ ಕೋಲು ಬೇಕು. ಗಿಲಿಗಿಚ್ಚಿಯ ಬೀಜ ವಿಷ. ದನಕರು, ಚಿಕ್ಕ ಮಕ್ಕಳಿಗೆ ಎಟುಕದ ಕಡೆ ಹಾಕಿ. ಚೆಂದವೆಂದು ಲಂಟಾನವನ್ನು ಮಾತ್ರ ಸೇರಿಸಬೇಡಿ. ನಮ್ಮ ಕಾಡುಗಳನ್ನು ಅದು ತಿಂದುಹಾಕಿದ್ದು ಸಾಕು.

ಹೂ ಮುಗಿದ ಮೇಲೆ ಒಣ ಕಡ್ಡಿಗಳನ್ನು ಗುಡಿಸಿ ಹಾಕುವ ಅವಸರ ಬೇಡ. ಬೀಜ ಅಲ್ಲೇ ಉದುರಲಿ. ಒಣಗಿದ ಗಿಲಿಗಿಚ್ಚಿಯ ರಸ ಹೀರಲು ನೀಲಿ ಹುಲಿ ಚಿಟ್ಟೆಗಳು ಸಾಲಾಗಿ ಬಂದು ಕೂರುತ್ತವೆ.