ಗ್ರಾಹಕರ ದಾಖಲೆಗಳಿಗೆ ವರ್ಕ್ ಪ್ರೊಫೈಲ್: ನನ್ನ ಅನುಭವ

ನಮ್ಮ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಕೇಂದ್ರಕ್ಕೆ ಜನರು ಆಧಾರ್, ಪಹಣಿ, ಪಾಸ್‌ಬುಕ್‌ಗಳ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾರೆ. ಅವೆಲ್ಲ ಬಂದು ಸೇರುವುದು ‘ವಾಟ್ಸ್‌ಆ್ಯಪ್ ಇಮೇಜಸ್’ ಫೋಲ್ಡರಿಗೆ. ಎಲ್ಲ ಫೋಟೋಗಳ ಅನುಮತಿ ಪಡೆದ ಯಾವ ಆ್ಯಪ್ ಬೇಕಾದರೂ ಅವನ್ನು ಓದಬಹುದು. ಆಂಡ್ರಾಯ್ಡ್ 11ರಿಂದ ಪಿಡಿಎಫ್‌ಗಳಿಗೆ ಬಿಗಿಯಾದ ರಕ್ಷಣೆ ಸಿಕ್ಕಿದೆಯಾದರೂ, ನಮ್ಮಲ್ಲಿಗೆ ಬರುವುದರಲ್ಲಿ ಮುಕ್ಕಾಲು ಪಾಲು ಫೋಟೋಗಳೇ.

ಮೊದಲು ವರ್ಷಕ್ಕೆ ಸುಮಾರು 450 ರೂಪಾಯಿ ಕೊಟ್ಟು ಹಾಕಿಸಿದ ಆ್ಯಪ್ ಲಾಕ್ ಕೇವಲ ಆ್ಯಪ್ ತೆರೆಯುವುದನ್ನು ತಡೆಯಿತೇ ಹೊರತು, ಬೇರೆ ಆ್ಯಪ್‌ಗಳು ಫೈಲ್ ಓದುವುದನ್ನು ತಡೆಯಲಿಲ್ಲ. ಸಾಲದೆಂಬಂತೆ ಅದೇ ‘ಆಲ್ ಫೈಲ್ಸ್ ಆ್ಯಕ್ಸೆಸ್’, ಅಂದರೆ ಫೋನಿನ ಎಲ್ಲ ಫೈಲ್‌ಗಳನ್ನು ಓದುವ ಅನುಮತಿ ಕೇಳಿತು. ಫೋಲ್ಡರಿನ ಚಿತ್ರಗಳನ್ನು ಗ್ಯಾಲರಿಯಿಂದ ಮರೆಮಾಡುವ ‘ನೋಮೀಡಿಯಾ’ ಎಂಬ ಖಾಲಿ ಫೈಲ್ ಇಟ್ಟಾಗ ಚಿತ್ರಗಳು ನನ್ನ ಗ್ಯಾಲರಿಯಿಂದಲೇ ಮಾಯವಾದವು. ಈ ಕೆಲಸಕ್ಕೆಂದೇ ಎಂಟು ಸಾವಿರದಷ್ಟು ಕೊಟ್ಟು ತಂದ ಹಳೆಯ ಫೋನಿನಲ್ಲಿದ್ದದ್ದು ಆಂಡ್ರಾಯ್ಡ್ 9; ಅಲ್ಲಿ ಸ್ಟೋರೇಜ್ ಅನುಮತಿ ಕೊಟ್ಟರೆ ಇಡೀ ಸ್ಟೋರೇಜನ್ನೇ ಕೊಟ್ಟಂತೆ.

ಕೊನೆಗೆ ಫಲ ಕೊಟ್ಟದ್ದು ಶೆಲ್ಟರ್ ಎಂಬ ಉಚಿತ ಆ್ಯಪ್ ಬಳಸಿ ಮಾಡಿಕೊಂಡ ವರ್ಕ್ ಪ್ರೊಫೈಲ್, ಅಂದರೆ ಅದೇ ಫೋನಿನೊಳಗೆ ತನ್ನದೇ ಆ್ಯಪ್‌ಗಳಿರುವ ಪ್ರತ್ಯೇಕ ವಿಭಾಗ. ಅನುಮಾನದ ಆ್ಯಪ್‌ಗಳನ್ನು ಅದರೊಳಗೆ ಹಾಕಬೇಕೆಂಬುದು ಎಲ್ಲರ ಸಲಹೆಯಾಗಿತ್ತು. ನಾನು ತದ್ವಿರುದ್ಧವಾಗಿ ಅಂಗಡಿಯ ನಂಬರಿನ ವಾಟ್ಸ್‌ಆ್ಯಪ್ ಬಿಸಿನೆಸ್, ಸ್ಕ್ಯಾನರ್ ಮತ್ತು ಪಿಡಿಎಫ್ ರೀಡರನ್ನು ಮಾತ್ರ ಒಳಗಿಟ್ಟು, ಉಳಿದ ಎಲ್ಲವನ್ನೂ ಹೊರಗೆ ಬಿಟ್ಟೆ. ಪ್ರೊಫೈಲಿಗೆ ಪ್ರತ್ಯೇಕ ಸ್ಟೋರೇಜ್ ಇರುವುದರಿಂದ, ಹೊರಗಿನ ಆ್ಯಪ್‌ಗೆ ‘ಆಲ್ ಫೈಲ್ಸ್ ಆ್ಯಕ್ಸೆಸ್’ ಇದ್ದರೂ ಒಳಗಿನ ಫೋಟೋಗಳು ಕಾಣುವುದಿಲ್ಲ. ನಾನು ಫೈಲ್ ಮ್ಯಾನೇಜರೊಂದಕ್ಕೆ ಪೂರ್ತಿ ಅನುಮತಿ ಕೊಟ್ಟು ಹುಡುಕಿಸಿ ನೋಡಿದೆ. ಗ್ರಾಹಕರ ಒಂದು ಚಿತ್ರವೂ ಸಿಗಲಿಲ್ಲ. ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ ಎಂದಿದ್ದ ಪಕ್ಕದ ಕೇಂದ್ರದವರು ಈಗ ತಮ್ಮ ಫೋನನ್ನೂ ನನ್ನಿಂದಲೇ ಸಿದ್ಧಪಡಿಸಿಕೊಂಡಿದ್ದಾರೆ.

ಆಂಡ್ರಾಯ್ಡ್ 14ರಲ್ಲಿ ಬಂದ, ಆಯ್ದ ಫೋಟೋಗಳಿಗಷ್ಟೇ ಅನುಮತಿ ಕೊಡುವ ಸೌಲಭ್ಯವನ್ನೂ ಪರೀಕ್ಷಿಸಿದೆ. ಪಾಸ್‌ಪೋರ್ಟ್ ಅಳತೆಯ ಫೋಟೋ ಮಾಡುವ ಆ್ಯಪ್‌ಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಬ್ಯಾಕಪ್ ಆ್ಯಪ್‌ಗೆ ಮಾತ್ರ ಪ್ರತಿ ಹೊಸ ಚಿತ್ರವನ್ನೂ ಕೈಯಾರೆ ಸೇರಿಸಬೇಕಾಗುತ್ತದೆ.

ಸಂಜೆ ಒಳಗಿನ ಫೈಲ್‌ಗಳನ್ನು ಐದೇ ನಿಮಿಷದಲ್ಲಿ ಕಂಪ್ಯೂಟರಿಗೆ ಸಾಗಿಸಿ ಖಾಲಿ ಮಾಡುವ ನನ್ನ ಕ್ರಮವನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ. ಆದರೆ ಪ್ರೊಫೈಲನ್ನು ಅಳಿಸಿದರೆ ಒಳಗಿರುವ ಫೈಲ್‌ಗಳೂ ಅದರೊಂದಿಗೇ ಅಳಿಸಿಹೋಗುತ್ತವೆ. ಆದ್ದರಿಂದ ಫೋನ್ ಬದಲಿಸುವ ಮೊದಲು ಅವನ್ನು ಹೊರತೆಗೆದಿಟ್ಟುಕೊಳ್ಳಿ.