ಸುದ್ದಿ ಸಂಸ್ಥೆಯಲ್ಲಿ ಸೀನಿಯರ್ ಡೇಟಾ ಅನಲಿಸ್ಟ್: ನಾನು ಕೆಲಸ ಮಾಡುವ ಬಗೆ

ಸೀನಿಯರ್ ಆದ ಮೊದಲ ಮಳೆಗಾಲದಲ್ಲೇ ನಾನೊಂದು ತಪ್ಪು ಸಲಹೆ ಕೊಟ್ಟೆ. ನಮ್ಮದು ಕನ್ನಡ ಸುದ್ದಿಯ ಡಿಜಿಟಲ್ ಸಂಸ್ಥೆ. ಆಫೀಸು ಬೆಂಗಳೂರಿನಲ್ಲಿ, ನಾನಿರುವುದು ಬೆಳಗಾವಿಯ ಟಿಳಕವಾಡಿಯಲ್ಲಿ, ಮನೆಯಿಂದಲೇ ಕೆಲಸ. ಮಳೆಗಾಲದಲ್ಲಿ ಕೃಷ್ಣಾ ನದಿಯ ಒಳಹರಿವು, ಹೊರಹರಿವು ಹೇಳುವ ಒಂದು ಪುಟ ನಮ್ಮಲ್ಲಿದೆ. ಜನ ಬರುತ್ತಾರೆ, ಕಣ್ಣು ಹಾಯಿಸುತ್ತಾರೆ, ಹೋಗುತ್ತಾರೆ. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4ರಲ್ಲಿ ಒಂದು ಭೇಟಿ ‘ಎಂಗೇಜ್ಡ್’, ಅಂದರೆ ಆಸಕ್ತಿಯಿಂದ ನೋಡಿದ್ದು, ಅನ್ನಿಸಿಕೊಳ್ಳಬೇಕಾದರೆ 10 ಸೆಕೆಂಡಿಗಿಂತ ಜಾಸ್ತಿ ಇರಬೇಕು, ಇಲ್ಲವೇ ಎರಡು ಪುಟ ನೋಡಿರಬೇಕು, ಇಲ್ಲವೇ ನಾವು ಮುಖ್ಯ ಅಂತ ಗುರುತು ಹಾಕಿದ ಕೆಲಸ ಏನಾದರೂ ಆಗಿರಬೇಕು. ಈ ಪುಟ ಮೂರರಲ್ಲೂ ಫೇಲ್. ‘ಓದುಗರಿಗೆ ಆಸಕ್ತಿಯಿಲ್ಲ, ನಿಲ್ಲಿಸಬಹುದು’ ಅಂತ ಬರೆದು ಕಳಿಸಿಬಿಟ್ಟೆ.

ಆ ಭಾನುವಾರ ಜಮಖಂಡಿ ಹತ್ತಿರ ಕಾಕಾನ ಮನೆಗೆ ಹೋಗಿದ್ದೆ. ಹೊಳೆ ದಂಡೆಯಲ್ಲೇ ಅವರ ಕಬ್ಬು. ಬೆಳಗಿನಿಂದ ಸಂಜೆಯೊಳಗೆ ಐದಾರು ಸಲ ಫೋನ್ ತೆಗೆದು ನೋಡಿ ಜೇಬಿಗೆ ಹಾಕಿಕೊಂಡರು. ಏನಂತ ಇಣುಕಿದರೆ ನಮ್ಮದೇ ಪುಟ! ಪೂರ್ತಿ ಯಾಕೆ ಓದಲ್ಲ ಕಾಕಾ ಅಂದೆ. “ಎಲ್ಲಾ ಓದಾಕ ಯಾರಿಗೆ ಪುರಸೊತ್ತೈತಿ ಯವ್ವಾ? ರಾಜಾಪುರದಿಂದ ಎಷ್ಟ ನೀರ ಬಿಟ್ಟಾರ ನೋಡ್ತೀನಿ. ಹೊಳಿ ಬರೂದ್ರಾಗ ಮೋಟರ್ ಎತ್ತಬೇಕಲ್ಲಾ” ಅಂದರು.

ರಾಜಾಪುರ ಅಂದರೆ ಮಹಾರಾಷ್ಟ್ರದಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜ್. ಆ ಅಂಕಿ ನೋಡಲು ಅವರಿಗೆ ಎಂಟು ಸೆಕೆಂಡು ಸಾಕು. ಅನಲಿಟಿಕ್ಸ್‌ನಲ್ಲಿ ಒಂದು ಭೇಟಿಗೆ ಸೆಷನ್ ಅನ್ನುತ್ತಾರೆ. 30 ನಿಮಿಷ ಅಲುಗಾಡದಿದ್ದರೆ ಆ ಸೆಷನ್ ಮುಗಿದ ಹಾಗೆ, ಮುಂದಿನ ಸಲ ಬಂದಾಗ ಹೊಸದು. ಅಂದರೆ ಆರು ಸಲ ಬಂದ ಕಾಕಾ ನನ್ನ ರಿಪೋರ್ಟಿನಲ್ಲಿ ಆರು ಸಲ ‘ಆಸಕ್ತಿಯಿಲ್ಲದೆ ಹೋದವರು’.

ಅದಕ್ಕೇ ಈಗ ಅಳತೆಗೋಲು ಹಿಡಿಯುವ ಮೊದಲು ಓದುಗ ಯಾಕೆ ಬಂದ ಅಂತ ಬರೆದಿಟ್ಟುಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ. ನೀರಿನ ಮಟ್ಟ, ಅಡಿಕೆ ಧಾರಣೆ, ಚಿನ್ನದ ದರ ನೋಡಲು ಬಂದವರನ್ನು ಸಮಯದಿಂದ ಅಳೆಯಬೇಡಿ. ವಾರದ ಏಳು ದಿನದಲ್ಲಿ ಎಷ್ಟು ದಿನ ವಾಪಸ್ ಬಂದರು ಅಂತ ನೋಡಿ. ಉದ್ದದ ಲೇಖನಕ್ಕೆ ಸಮಯ ಸರಿ, ಆದರೆ ಸರಾಸರಿ ಬೇಡ, ಮೀಡಿಯನ್ ತೆಗೆಯಿರಿ, ಅಂದರೆ ಎಲ್ಲ ಅಂಕಿಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವುದು. ಯಾರೋ ನಾಲ್ಕು ಜನ ಬಿಟ್ಟೂ ಬಿಡದೆ ತಾಸುಗಟ್ಟಲೆ ಓದಿದರೆ ಸರಾಸರಿ ಕೆಟ್ಟುಹೋಗುತ್ತದೆ. ಪುಟದ ಶೇ. 90ರಷ್ಟು ಕೆಳಗೆ ಇಳಿದಾಗ ದಾಖಲಾಗುವ ಸ್ಕ್ರಾಲ್ ಲೆಕ್ಕವನ್ನೂ ಜೊತೆಗಿಟ್ಟುಕೊಳ್ಳಿ. ‘ವಾಪಸ್ ಬಂದವರು’ ಅನ್ನುವುದೂ ಪೂರ್ತಿ ಸತ್ಯವಲ್ಲ. ಒಬ್ಬನೇ ಮನುಷ್ಯ ಫೋನಿನಲ್ಲೊಮ್ಮೆ, ಲ್ಯಾಪ್‌ಟಾಪಿನಲ್ಲೊಮ್ಮೆ ಲಾಗಿನ್ ಆಗದೆ ಓದಿದರೆ ಇಬ್ಬರಾಗುತ್ತಾನೆ.

ಡೇಟಾಬೇಸಿನಿಂದ ಬೇಕಾದ ಮಾಹಿತಿ ಕೇಳಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ಚೆನ್ನಾಗಿ ಬರಬೇಕು, ಅದರಲ್ಲಿ ಚರ್ಚೆಯಿಲ್ಲ. ಆದರೆ ಅದು ಬಂದವರೂ ಎಡವುವ ಒಂದು ಜಾಗ ಇದೆ, ಗಡಿಯಾರ. ಅನಲಿಟಿಕ್ಸ್ ಡೇಟಾವನ್ನು ಗೂಗಲ್‌ನ ಡೇಟಾ ಉಗ್ರಾಣವಾದ ಬಿಗ್‌ಕ್ವೆರಿಗೆ ತಂದಾಗ ಪ್ರತಿ ಘಟನೆಯ ಸಮಯ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ. ನಮ್ಮ ಸಮಯಕ್ಕಿಂತ ಐದೂವರೆ ತಾಸು ಹಿಂದೆ. ಅದನ್ನು ಹಾಗೇ ತಾರೀಖು ಮಾಡಿದರೆ ನಮ್ಮ ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ಬಂದವರೆಲ್ಲ ನಿನ್ನೆಯ ಲೆಕ್ಕಕ್ಕೆ ಹೋಗುತ್ತಾರೆ. ನಸುಕಿನಲ್ಲಿ ಎದ್ದು ದಿನಭವಿಷ್ಯ ನೋಡುವವರು ಎಷ್ಟಿದ್ದಾರೆ ಗೊತ್ತಲ್ವಾ? ಇವತ್ತಿನ ಭವಿಷ್ಯವನ್ನು ನಿನ್ನೆಯೇ ಓದಿದಂತೆ ರಿಪೋರ್ಟ್ ಬರುತ್ತದೆ. ತಾರೀಖು ತೆಗೆಯುವಾಗ ಕಾಲವಲಯ ‘ಏಷ್ಯಾ/ಕೋಲ್ಕತಾ’ ಅಂತ ಬರೆಯುವುದನ್ನು ಮರೆಯಬೇಡಿ.

ಊರಿನ ಹೆಸರು ಇನ್ನೊಂದು ತಲೆನೋವು. 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿ ಆಯಿತು, ಬಿಜಾಪುರ ಹೋಗಿ ವಿಜಯಪುರ ಆಯಿತು. ಹಳೆಯ ಟ್ಯಾಗುಗಳು, ಹುಡುಕುವವರ ಬಾಯಿ ಎರಡೂ ಬದಲಾಗಿಲ್ಲ. ಎಲ್ಲ ರೂಪಗಳನ್ನೂ ಒಂದೇ ಹೆಸರಿಗೆ ಜೋಡಿಸುವ ಒಂದು ಟೇಬಲ್ ಮಾಡಿಟ್ಟುಕೊಳ್ಳಿ. ಹಾಗಂತ ಕಣ್ಣು ಮುಚ್ಚಿ ಜೋಡಿಸಬೇಡಿ. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ, 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯೂ ಇದೆ. ಇನ್ನು ಓದುಗ ಯಾವ ಊರಿನವನು ಅಂತ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ಸಂಖ್ಯೆ) ಹೇಳುವ ಕಾಲಂ ನಂಬಿ ಜಿಲ್ಲಾವಾರು ತೀರ್ಮಾನ ಮಾಡಬೇಡಿ. ಮೊಬೈಲ್ ನೆಟ್‌ವರ್ಕಿನಲ್ಲಿ ಇರುವವರು ಎಷ್ಟೋ ಸಲ ಬೇರೆ ಯಾವುದೋ ದೊಡ್ಡ ಊರಿನ ಲೆಕ್ಕದಲ್ಲಿ ಸೇರಿರುತ್ತಾರೆ.

‘ನಿನ್ನೆ ಟ್ರಾಫಿಕ್ ಯಾಕೆ ಬಿತ್ತು?’ ಈ ಪ್ರಶ್ನೆ ಬೆಳಿಗ್ಗೆ ಒಂಬತ್ತರೊಳಗೆ ಬರುತ್ತದೆ. ಗಾಬರಿ ಬೇಡ. ಮೊದಲು ಎಣಿಸುವ ಕೋಡ್ ಸರಿಯಿದೆಯಾ ನೋಡಿ, ನಿನ್ನೆ ಸೈಟಿನಲ್ಲಿ ಏನಾದರೂ ಬದಲಾವಣೆ ಆಯಿತಾ ಕೇಳಿ. ಆಮೇಲೆ ಸೋಮವಾರವನ್ನು ಹಿಂದಿನ ಸೋಮವಾರದ ಜೊತೆ ಹೋಲಿಸಿ, ಭಾನುವಾರದ ಜೊತೆ ಅಲ್ಲ. 2023ರ ಮೇ 13ರಂದು ವಿಧಾನಸಭೆ ಚುನಾವಣೆಯ ಮತ ಎಣಿಕೆ ಇತ್ತು. ಮರುದಿನದ್ದನ್ನು ಅದರ ಪಕ್ಕ ಇಟ್ಟರೆ ಯಾವ ಸೈಟಾದರೂ ಬಿದ್ದ ಹಾಗೇ ಕಾಣುತ್ತದೆ. ಕೊನೆಗೆ ಓದುಗರು ಬರುವ ದಾರಿಗಳನ್ನು, ಅಂದರೆ ಸರ್ಚ್, ಡಿಸ್ಕವರ್ (ಹುಡುಕದೆಯೇ ಗೂಗಲ್ ಫೋನಿನಲ್ಲಿ ತೋರಿಸುವ ಲೇಖನಗಳ ಪಟ್ಟಿ), ನೋಟಿಫಿಕೇಶನ್ ಬೇರೆ ಬೇರೆ ಮಾಡಿ ನೋಡಿ. ನನ್ನ ಅನುಭವದಲ್ಲಿ ಎಷ್ಟೋ ಸಲ ಉತ್ತರ ಇಷ್ಟೇ: ನೋಟಿಫಿಕೇಶನ್ ಕಳಿಸುವ ಹುಡುಗ ರಜೆಯಲ್ಲಿದ್ದ.

ಉತ್ತರ ಮೂರು ಸಾಲು ಮೀರಬಾರದು. ಏನಾಯಿತು, ಎಷ್ಟು ಖಾತ್ರಿ, ಈಗ ಏನು ಮಾಡಬೇಕು. ಚಾರ್ಟ್ ಕೇಳಿದರೆ ಕೊಡಿ, ಸುಮ್ನೆ ಹತ್ತು ಅಂಟಿಸಬೇಡಿ.

ತಪ್ಪಾದರೆ ಹೊಸ ಮೇಲ್ ಬರೆಯಬೇಡಿ. ಹಳೆಯದಕ್ಕೇ, ಮೊದಲು ಓದಿದ ಎಲ್ಲರಿಗೂ ಕಾಣುವಂತೆ ಉತ್ತರಿಸಿ. ನಾನು ಸೋಮವಾರ ಹಾಗೇ ಮಾಡಿದೆ: ‘ನದಿ ಪುಟ ನಿಲ್ಲಿಸಬೇಡಿ, ನಾನು ಅಳೆದದ್ದೇ ತಪ್ಪು.’ ಈಗ ಆ ಪುಟದಲ್ಲಿ ಕ್ಯೂಸೆಕ್ ಅಂಕಿಗಳು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಬರುತ್ತವೆ. ಓದುವ ಸಮಯ ಇನ್ನೂ ಕಡಿಮೆಯಾಗಿದೆ.