ಶುಕ್ರವಾರದ ಬಿಸಿನೀರು

ಒಂಬತ್ತು ವರ್ಷದಿಂದ ಪ್ರತಿ ಶುಕ್ರವಾರ ಸಂಜೆ ಬಳ್ಳಾರಿಯ ಒಂದು ಆಸ್ಪತ್ರೆಗೆ ಹೋಗುತ್ತೇನೆ. ಕೈಯಲ್ಲಿ ಎರಡು ದೊಡ್ಡ ಫ್ಲಾಸ್ಕ್ ಬಿಸಿನೀರು, ನಾಲ್ಕು ಸ್ಟೀಲ್ ಲೋಟ, ಒಂದು ಪೆನ್ನು. ಕೊಪ್ಪಳ, ರಾಯಚೂರು, ಆಂಧ್ರದ ಗಡಿ ಹಳ್ಳಿಗಳಿಂದೆಲ್ಲ ಜನ ಅಲ್ಲಿಗೆ ಬರುತ್ತಾರೆ. ರೋಗಿಯ ಜೊತೆ ಬಂದವರು ವರಾಂಡದಲ್ಲಿ ಚಾಪೆ ಹಾಸಿಕೊಂಡು ದಿನಗಟ್ಟಲೆ ಕಳೆಯುತ್ತಾರೆ. ಮಾತ್ರೆ ನುಂಗಲು, ಕೂಸಿಗೆ ಹಾಲಿನ ಪುಡಿ ಕಲಸಲು ಬಿಸಿನೀರು ಬೇಕಲ್ವಾ? ರೋಗಿಯನ್ನು ಬಿಟ್ಟು ಹೊರಗಿನ ಚಹಾದಂಗಡಿಗೆ ಹೋಗಲು ಅವರಿಗೆ ಮನಸ್ಸು ಬರುವುದಿಲ್ಲ.

ಶುರುವಿನಲ್ಲಿ ನಾನು ಬೇರೆ ಥರ ಇದ್ದೆ. ಯೇಸುವಿನ ಬಗ್ಗೆ ಕರಪತ್ರ ಹಂಚುತ್ತಿದ್ದೆ. ಎಷ್ಟು ಜನರ ಜೊತೆ ಪ್ರಾರ್ಥನೆ ಮಾಡಿದೆ ಎಂದು ಡೈರಿಯಲ್ಲಿ ಬರೆದಿಟ್ಟು, ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳುವಾಗ, ಅಂದರೆ ನಮ್ಮ ನಂಬಿಕೆಯ ಅನುಭವ ಎಲ್ಲರೆದುರು ಹೇಳಿಕೊಳ್ಳುವಾಗ, ಆ ಲೆಕ್ಕ ಓದುತ್ತಿದ್ದೆ. ಒಂದು ದಿನ ಸಿರುಗುಪ್ಪ ಕಡೆಯ ಅಜ್ಜ ಒಬ್ಬರು ಕರಪತ್ರವನ್ನು ಹಾಗೇ ನನ್ನ ಕೈಗೆ ಕೊಟ್ಟು, "ಓದಾಕ ಬರಂಗಿಲ್ಲವ್ವ, ಒಂದೀಟು ಕುಂದ್ರು" ಎಂದರು. ಕುಳಿತೆ. ಒಳಗೆ ಮಲಗಿದ್ದ ಹೆಂಡತಿಯ ವಿಷಯ ಎತ್ತಲೇ ಇಲ್ಲ. ಮಾರಿಬಿಟ್ಟ ಎತ್ತಿನ ಬಗ್ಗೆ ಒಂದು ತಾಸು ಮಾತಾಡಿದರು. ಅವತ್ತು ಡೈರಿಯಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ. ಆಮೇಲೆ ಬರೆಯಲೇ ಇಲ್ಲ.

ಈಗ ಹೋದ ಕೂಡಲೇ "ಊಟ ಆಯ್ತಾ?" ಎಂದು ಕೇಳುತ್ತೇನೆ. ನೀರು ಕೊಡುತ್ತೇನೆ. ಅರ್ಜಿ ತುಂಬುವುದಿದ್ದರೆ ತುಂಬುತ್ತೇನೆ. ಅವರಾಗಿಯೇ ಕೇಳಿದರೆ ಮಾತ್ರ ಯೇಸುವಿನ ಹೆಸರಿನಲ್ಲಿ ಪ್ರಾರ್ಥನೆ. "ಎಲ್ಲ ಸರಿಹೋಗುತ್ತೆ" ಎಂದು ಸುಮ್ನೆ ಹೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ವಾರ ತಪ್ಪಿಸುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲೂ ಇಲ್ಲ.

ಫಲ ಏನು ಎಂದು ಕೇಳುವವರಿದ್ದಾರೆ. ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುತ್ತಾರಲ್ಲ, ಆಮೇಲೆ ಮಳೆ ಬರದಿದ್ದರೂ ಮಣ್ಣೊಳಗಿನ ಹಸಿ ಹಿಡಿದೇ ಅದು ಮೇಲೇಳುತ್ತದೆ. ಮಾರ್ಕನ ಸುವಾರ್ತೆ ನಾಲ್ಕನೇ ಅಧ್ಯಾಯದಲ್ಲಿ ಯೇಸು ಹೇಳುವ ರೈತನೂ ಬಿತ್ತುತ್ತಾನೆ, ಮಲಗುತ್ತಾನೆ, ಏಳುತ್ತಾನೆ. ಬೀಜ ಹೇಗೆ ಮೊಳೆಯಿತೋ ಅವನಿಗೇ ಗೊತ್ತಿಲ್ಲ. ನಮ್ಮೂರಲ್ಲೇ ನೋಡಿ. ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೂತರು. ಅವರ ಜೊತೆ ದುಡಿದ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದರು. 1858ರಲ್ಲಿ ಸ್ಯಾಂಡರ್ಸನ್ ಎಂಬ ಇನ್ನೊಬ್ಬ ಮಿಷನರಿ ಅದನ್ನು ತಿದ್ದಿದರು. 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ಈಗ ಕಿಟ್ಟೆಲ್ ಹೆಸರು ಎಲ್ಲರಿಗೂ ಗೊತ್ತು, ರೀವ್ ಯಾರೆಂದು ಬಳ್ಳಾರಿಯಲ್ಲೇ ಕೇಳಿ ನೋಡಿ.

ಬಿತ್ತಿದವನಿಗೆ ಕಾಣದೆಯೇ ಬೀಜ ಮೊಳೆಯುತ್ತದೆ ಎಂಬುದು ನನ್ನ ಮನಸ್ಸಿಗೆ ಇಳಿದದ್ದು ಹೋದ ವರ್ಷ. ಡೆಂಗಿ ಜ್ವರ ಬಂದು ಮೂರು ಶುಕ್ರವಾರ ತಪ್ಪಿತು. ನಾಲ್ಕನೆಯದಕ್ಕೆ ಹೋದಾಗ ವಾರ್ಡಿನ ಆಯಾ ಒಬ್ಬರು ಕೆಟಲ್ ಹಿಡಿದು ವರಾಂಡದಲ್ಲಿ ನಿಂತಿದ್ದರು. ಅವರು ಕ್ರೈಸ್ತರಲ್ಲ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಹತ್ತು ಮಾತು ಆಡಿರಲಿಲ್ಲ. ನೋಡುತ್ತಾ ನಿಂತೆ. ಲೋಟಕ್ಕೆ ಮೊದಲು ಒಂದು ಗುಟುಕಿನಷ್ಟು ಬಿಸಿನೀರು ಹಾಕಿ, ಸುತ್ತ ಅಲುಗಾಡಿಸಿ, ಚೆಲ್ಲಿ, ಸೆರಗಿನಿಂದ ಅಂಚು ಒರೆಸಿ, ಆಮೇಲೆ ತುಂಬಿ ಎರಡೂ ಕೈಯಿಂದ ಕೊಟ್ಟರು. ನನ್ನ ಎದೆ ಝಲ್ಲೆಂದಿತು. ಅದು ನನ್ನ ಅಭ್ಯಾಸ. ನನ್ನದೂ ಅಲ್ಲ, ಅಜ್ಜಿಯದು. ಅಜ್ಜಿ ನಮ್ಮ ಸಭೆಯ ಬೈಬಲ್ ಸ್ತ್ರೀ, ಅಂದರೆ ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವವರು, ಆಗಿದ್ದರು. ಮನೆಗೆ ಯಾರೇ ಬಂದರೂ ಹೀಗೇ ನೀರು ಕೊಡುತ್ತಿದ್ದರು. ಹೀಗೆ ಮಾಡು ಎಂದು ನನಗೆ ಒಂದು ದಿನವೂ ಹೇಳಿಕೊಟ್ಟವರಲ್ಲ.

"ನೀವು ಬರಲಿಲ್ಲಲ್ರೀ ಅಕ್ಕಾರ, ಶುಕ್ರವಾರ ಅಂತ ಎಲ್ರೂ ದಾರಿ ನೋಡ್ತಿದ್ರು" ಎಂದರು ಆಯಾ.

ಈಗ ಮೇಲಿನ ಮಹಡಿ ಅವರದು, ಕೆಳಗಿನದು ನನ್ನದು. ಹೋದ ವಾರ ನನ್ನ ಫ್ಲಾಸ್ಕಿನ ಮುಚ್ಚಳ ಸಡಿಲಾಗಿ ನೀರು ಸೋರುತ್ತಿತ್ತು. ಆಯಾ ಬ್ಯಾಂಡೇಜ್ ಬಟ್ಟೆಯ ತುಂಡೊಂದನ್ನು ತಂದು, ಬಿಗಿಯಾಗಿ ಸುತ್ತಿ, "ಹೋಗ್ರಿ, ನೀರು ಆರಿಬಿಡ್ತೈತಿ" ಎಂದು ಕಳಿಸಿದರು.